ಬಡಿದ ಕಬ್ಬಿಣ, ಎರೆದ ಕಬ್ಬಿಣ

ಗಾಲ್ಫ್ ಆಡುವವನನ್ನು ಕಂಡರೆ ನಮ್ಮ ಜನಕ್ಕೆ ಎರಡು ಅನುಮಾನ. ಇವನ ಹತ್ತಿರ ಬೇಕಾದಷ್ಟು ದುಡ್ಡಿರಬೇಕು ಎಂಬುದು ಒಂದು. ಇವನಿಗೆ ಬೇರೆ ಕೆಲಸವಿಲ್ಲ ಎಂಬುದು ಇನ್ನೊಂದು. ಪಾಠ ಹೇಳುವ ಕೆಲಸದಿಂದ ನಿವೃತ್ತನಾದ ಮೇಲೆ ಎರಡನೆಯದನ್ನು ನಾನು ಅಲ್ಲಗಳೆಯುವ ಹಾಗಿಲ್ಲ. ಮೊದಲನೆಯದು ಮಾತ್ರ ಶುದ್ಧ ಸುಳ್ಳು. ಹೊಸ ಐರನ್ ಸೆಟ್ಟು ಕೊಳ್ಳಬೇಕೆಂದು ಬಾಯಿ ಬಿಟ್ಟ ದಿನ ನನ್ನ ಹೆಂಡತಿ, “ಅಲ್ಲಾಂದ್ರೆ, ಆರು ಕಬ್ಬಿಣದ ಕೋಲಿಗೆ ಒಂದು ಜೊತೆ ಬಳೆ ದುಡ್ಡೇ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಮೂವತ್ತು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿಸಿದವನು ಉತ್ತರ ಕೊಡಬೇಕಾದ ಪ್ರಶ್ನೆಯೂ ಹೌದು.

ಐರನ್ ಎಂಬುದು ಹೆಸರಿಗೆ ಮಾತ್ರ, ಇರುವುದೆಲ್ಲ ಉಕ್ಕು. ಅದರಲ್ಲಿ ಎರಡು ಜಾತಿ, ಬಡಿದು ಮಾಡಿದ್ದು, ಎರಕ ಹೊಯ್ದದ್ದು. ಬಡಿದದ್ದನ್ನು ಫೋರ್ಜ್ಡ್ ಎನ್ನುತ್ತಾರೆ. ನಮ್ಮೂರ ಕುಲುಮೆಯಲ್ಲಿ ಮಚ್ಚು, ಕುಡುಗೋಲು ಹುಟ್ಟುತ್ತಿದ್ದ ಬಗೆಗೂ ಇದಕ್ಕೂ ಬಹಳ ದೂರವಿಲ್ಲ. ಇಂಗಾಲ ನೂರಕ್ಕೆ ಕಾಲು ಭಾಗ ಮಾತ್ರ ಇರುವ ಮೆದು ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ, ಅಚ್ಚಿನ ನಡುವೆ ಇಟ್ಟು, ಭಾರೀ ಯಂತ್ರದಿಂದ ಬಡಿಯುತ್ತಾರೆ. ಹೊರಗೆ ಚಾಚಿದ ಅಂಚನ್ನು ಕತ್ತರಿಸಿ, ಸಾಣೆ ಹಿಡಿದು, ತುಕ್ಕು ಹಿಡಿಯದಿರಲೆಂದು ಕ್ರೋಮ್ ಲೇಪ ಕೊಡುತ್ತಾರೆ. ಜಪಾನಿನ ಹ್ಯೋಗೊ ಪ್ರಾಂತದಲ್ಲಿ ಇಚಿಕಾವ ಎಂಬ ಊರು ಈ ಕಸುಬಿಗೆ ಹೆಸರುವಾಸಿ.

ಎರಕದ್ದರ ಕಥೆ ಬೇರೆ. ಮೇಣದಲ್ಲಿ ತಲೆಯ ಮಾದರಿ ಮಾಡಿ, ಅದಕ್ಕೆ ಪದರ ಪದರವಾಗಿ ಪಿಂಗಾಣಿಯ ಕೆಸರು ಮೆತ್ತಿ, ಮೇಣ ಕರಗಿಸಿ ಹೊರಗೆ ಹರಿಸಿ, ಉಳಿದ ಟೊಳ್ಳಿಗೆ ಕರಗಿದ ಸ್ಟೇನ್‌ಲೆಸ್ ಉಕ್ಕು ಹೊಯ್ಯುತ್ತಾರೆ. ಇದೇನು ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದಚ್ಚಿನಿಂದ ವಿಗ್ರಹ ಎರೆಯುವ ಕ್ರಮ ವಿವರವಾಗಿಯೇ ಇದೆ. ಸಂಸ್ಕೃತದಲ್ಲಿ ಅದಕ್ಕೆ ಮಧೂಚ್ಛಿಷ್ಟ ವಿಧಾನವೆಂದು ಹೆಸರು. ಈ ಮಾತನ್ನು ನಾನು ಕ್ಲಬ್ಬಿನಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ‘ಸೋಮೇಶ್ವರ’ ಎನ್ನುವಷ್ಟರಲ್ಲಿ ಗೆಳೆಯರು ಕಾಫಿಯ ಲೋಟ ಹಿಡಿದು ಎದ್ದುಬಿಡುತ್ತಾರೆ.

ಎರಕ ಬಂದದ್ದರಿಂದ ಏನು ಲಾಭವಾಯಿತು? ಬೇಕಾದ ಆಕಾರ ಕೊಡಬಹುದಾಯಿತು. ನಾರ್ವೆಯಲ್ಲಿ ಹುಟ್ಟಿ ಎಳವೆಯಲ್ಲೇ ಅಮೆರಿಕಕ್ಕೆ ಬಂದ ಕಾರ್ಸ್ಟನ್ ಸೋಲ್ಹೈಮ್ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರಾಗಿದ್ದವನು. ಕೋಲಿನ ತಲೆಯ ನಡುವಿನಿಂದ ಲೋಹ ತೆಗೆದು ಅಂಚಿಗೆ ಹಂಚುವುದನ್ನು ಜನಪ್ರಿಯ ಮಾಡಿದವನು ಅವನೇ. 1982ರಲ್ಲಿ ಬಂದ ಅವನ ಪಿಂಗ್ ಐ 2 ಐರನ್‌ಗಳು ಲೋಕವನ್ನೆಲ್ಲ ಸುತ್ತಿದವು. ದೊಂಬರಾಟದ ಹುಡುಗಿ ಹಗ್ಗದ ಮೇಲೆ ನಡೆಯುವಾಗ ಉದ್ದನೆಯ ಗಳ ಹಿಡಿದಿರುತ್ತಾಳಲ್ಲ, ತತ್ತ್ವ ಅದೇ. ಭಾರ ನಡುವಿನಿಂದ ದೂರವಿದ್ದಷ್ಟೂ ತಿರುಚುವುದು ಕಷ್ಟ. ಚೆಂಡು ಮುಖದ ನಡುವಿಗೆ ಬೀಳದೆ ತುದಿಗೆ ಬಿದ್ದರೂ ಕೋಲು ಅಷ್ಟಾಗಿ ತಿರುಗುವುದಿಲ್ಲ. ಹತ್ತು ಹದಿನೈದು ಗಜ ಕಳೆದುಕೊಳ್ಳುವ ಕಡೆ ನಾಲ್ಕೈದು ಗಜ ಕಳೆದುಕೊಳ್ಳುತ್ತೀರಿ. ಇದಕ್ಕೆ ಅವರು ಇಟ್ಟ ಹೆಸರು ಕ್ಷಮೆ. ಹಿಂಬದಿ ಚಪ್ಪಟೆಯಾಗಿ, ತೆಳ್ಳಗೆ, ಕನ್ನಡಿಯಂತೆ ಹೊಳೆಯುವ ಹಳೆಯ ಬ್ಲೇಡಿಗೆ ಆ ಗುಣ ಕಡಿಮೆ. ಅದರ ಭಕ್ತರು ಹೇಳುವುದು ಒಂದೇ ಮಾತು: “ಆದರೆ ಆ ಫೀಲು!”

ನನ್ನ ಕಷ್ಟ ಇದ್ದದ್ದು ಈ ಫೀಲಿನಲ್ಲೇ. ನಾಲ್ಕು ವರ್ಷದಿಂದ ನನ್ನ ಕಿವಿ ಮಂದವಾಗುತ್ತ ಬಂದಿದೆ. ಮೊದಲು ಹೋದದ್ದು ಮೇಲಿನ ಸ್ವರ. ಕಛೇರಿಯಲ್ಲಿ ಪಿಟೀಲಿನ ತಾರಸ್ಥಾಯಿ ಮಸುಕಾಯಿತು, ಮೊಮ್ಮಗಳ ಮಾತಿನಲ್ಲಿ ‘ಸ’ಕಾರ ಮಾಯವಾಯಿತು, ಆಮೇಲೆ ಮೈದಾನದಲ್ಲಿ ಚೆಂಡಿನ ಸದ್ದು ಹೋಯಿತು. ಬ್ಲೇಡಿನ ನಡುವಿಗೆ ಚೆಂಡು ತಾಗಿದಾಗ ಬರುವ ಆ ಗಟ್ಟಿಯಾದ, ಚಿಕ್ಕ ಶಬ್ದ ಕೇಳಿದವರಿಗೆ ಗೊತ್ತು. ನನ್ನ ಮಟ್ಟಿಗೆ ಬೆಳಿಗ್ಗೆ ಐದೂವರೆಗೆ ಏಳಲು ಅದೊಂದೇ ಕಾರಣವಾಗಿತ್ತು. ಕಿವಿಯ ಯಂತ್ರ ಹಾಕಿಕೊಂಡರೆ ಎಲ್ಲ ಕೋಲೂ ಒಂದೇ ತರ ಟಣ್ ಎನ್ನುತ್ತದೆ, ಗಾಳಿ ಬೇರೆ ಬುಸುಗುಟ್ಟುತ್ತದೆ. ತೆಗೆದರೆ ಮೌನ. ಹೀಗಿರುವಾಗ ಫೀಲಿಗೆಂದು ದುಡ್ಡು ಸುರಿಯುವುದು ಬುದ್ಧಿವಂತಿಕೆಯೇ, ಆಟವನ್ನೇ ಬಿಡುವುದು ಬುದ್ಧಿವಂತಿಕೆಯೇ ಎಂದು ಒಂದು ಮಳೆಗಾಲವೆಲ್ಲ ಯೋಚಿಸಿದೆ.

ಏಕೆಂದರೆ ಫೀಲು ಎನ್ನುವುದು ಬಹುಪಾಲು ಕಿವಿಯ ವ್ಯವಹಾರ. ಚೆಂಡು ಕೋಲಿಗೆ ಅಂಟಿಕೊಂಡಿರುವುದು ಒಂದು ಸೆಕೆಂಡನ್ನು ಎರಡು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ಕೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ‘ಬೆಣ್ಣೆಯ ಹಾಗಿತ್ತು’ ಎಂದು ನಾವು ಹೊಗಳುವುದರಲ್ಲಿ ಸದ್ದಿನ ಪಾಲು ದೊಡ್ಡದು. ಆ ಸದ್ದನ್ನು ನಿರ್ಧರಿಸುವುದು ಬಡಿದದ್ದೋ ಎರೆದದ್ದೋ ಎಂಬುದಕ್ಕಿಂತ ತಲೆಯ ಆಕಾರ. ತೆಳು ಮುಖ ಗಂಟೆಯಂತೆ ಮಿಡಿಯುತ್ತದೆ, ದಪ್ಪ ಮುಖ ಮಣೆಯಂತೆ ಸುಮ್ಮನಿರುತ್ತದೆ.

ಬೆಂಗಳೂರಿನಲ್ಲಿ ಕ್ಲಬ್ಬು ಕಟ್ಟಿಕೊಡುವ ಒಬ್ಬ ಹುಡುಗನಿದ್ದಾನೆ. ನನ್ನನ್ನು ಅಂಕಲ್ ಎನ್ನುತ್ತಾನೆ. ಅದೊಂದನ್ನು ಬಿಟ್ಟರೆ ಅವನಲ್ಲಿ ದೋಷವಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಅವನೊಂದು ಪರೀಕ್ಷೆ ಹೂಡಿದ. ಮೂರು ಏಳನೆಯ ಐರನ್‌ಗಳ ಬೆನ್ನಿಗೆ ಕಪ್ಪು ಟೇಪು ಸುತ್ತಿದ. ಒಂದು ಬ್ಲೇಡು, ಒಂದು ಬಡಿದು ಮಾಡಿ ಬೆನ್ನು ಕೆತ್ತಿದ ಕ್ಯಾವಿಟಿ, ಇನ್ನೊಂದು ಎರಕದ ಅಗಲ ತಲೆ. “ಮೆಷಿನ್ ತೆಗೆದಿಡಿ ಅಂಕಲ್” ಎಂದ. ಸದ್ದಿಲ್ಲದ ಲೋಕದಲ್ಲಿ ನಿಂತು ಐವತ್ತು ಚೆಂಡು ಹೊಡೆದೆ. ನಡುವಿಗೆ ತಾಗಿದಾಗ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಆದರೆ ತುದಿಗೋ ಬುಡಕ್ಕೋ ತಾಗಿದಾಗ ಬ್ಲೇಡು ಕೈಯಲ್ಲಿ ತಿರುಚಿಕೊಳ್ಳುವುದು ಸ್ಪಷ್ಟವಾಗಿ ತಿಳಿಯಿತು. ಅಗಲ ತಲೆ ಏನೂ ಹೇಳದೆ ಸುಮ್ಮನಿತ್ತು, ಎಲ್ಲವನ್ನೂ ಕ್ಷಮಿಸುವ ಅಜ್ಜಿಯ ಹಾಗೆ. ಕ್ಯಾವಿಟಿ ಎರಡರ ನಡುವೆ ನಿಂತು, ಎಲ್ಲಿ ತಾಗಿತೆಂದು ಮೆಲ್ಲಗೆ ತಿಳಿಸಿ, ಚೆಂಡನ್ನು ಹೆಚ್ಚು ದಾರಿ ತಪ್ಪಿಸದೆ ಕಳಿಸಿತು. ಕಿವಿ ಹೋದರೂ ಕೈಗೆ ಇನ್ನೂ ಕೇಳಿಸುತ್ತದೆ ಎಂದು ಗೊತ್ತಾದಾಗ ಆದ ಸಮಾಧಾನವನ್ನು ಬೆಲೆ ಕಟ್ಟಿ ಹೇಳಲಾರೆ. ಹೆಂಡತಿಗೆ ಮಾತ್ರ ಬೆಲೆಯನ್ನೇ ಹೇಳಬೇಕಾಯಿತು.

ಮೆದು ಉಕ್ಕನ್ನೇ ಆರಿಸಲು ಇನ್ನೊಂದು ಕಾರಣವೂ ಇತ್ತು, ಅದೇ ನಿಜವಾದದ್ದು. ನಾನು ಎತ್ತರದವನು, ಕೈ ಮೇಲಿಟ್ಟು ಹೊಡೆಯುವವನು. ಹುಡುಗ ಚೆಂಡಿನ ಮೇಲೆ ಮಾರ್ಕರಿನಿಂದ ನೇರ ಗೆರೆ ಎಳೆದು, ಗೆರೆಯನ್ನು ಕೋಲಿನ ಮುಖದ ಕಡೆಗಿಟ್ಟು ಹೊಡೆಸಿದ. ಗೆರೆ ಮುಖದ ಮೇಲೆ ಅಚ್ಚೊತ್ತುತ್ತದೆ. ವಾಲಿದ್ದರೆ ಕೋಲಿನ ಲೈ, ಅಂದರೆ ದಂಡ ನೆಲಕ್ಕೆ ಮಾಡುವ ಕೋನ, ನಮ್ಮ ಮೈಕಟ್ಟಿಗೆ ಹೊಂದಿಲ್ಲವೆಂದರ್ಥ. ನನ್ನದು ಚೆನ್ನಾಗಿಯೇ ವಾಲಿತ್ತು. ಕೋಲಿನ ತುದಿ ನೆಲಕ್ಕೆ ಬಾಗಿ, ಚೆಂಡು ಬಲಕ್ಕೆ ಜಾರುತ್ತಿತ್ತು. ಎರಡೂವರೆ ಡಿಗ್ರಿ ನೆಟ್ಟಗೆ ಮಾಡಬೇಕೆಂದ. ಮೆದು ಉಕ್ಕಿನ ಕುತ್ತಿಗೆ ಇದಕ್ಕೆ ಒಪ್ಪುತ್ತದೆ. ಗಟ್ಟಿ ಸ್ಟೇನ್‌ಲೆಸ್ಸಿನ ಎರಕ ಒಂದೆರಡು ಡಿಗ್ರಿಗೇ ಹಟ ಹಿಡಿಯುತ್ತದೆ, ಹೆಚ್ಚು ಒತ್ತಿದರೆ ಮುರಿದರೂ ಮುರಿಯಿತು.

ದಂಡದ ವಿಷಯ ಬೇಗ ಮುಗಿಯಿತು: 130 ಗ್ರಾಮಿನದನ್ನು ಬಿಟ್ಟು 100 ಗ್ರಾಮಿನ ಉಕ್ಕಿನ ದಂಡ. ಹಗುರಾದ ದಂಡದಿಂದ ತೂಕದ ಹದ ತಪ್ಪಬಾರದೆಂದು ಕುತ್ತಿಗೆಯೊಳಗೆ ಹಿತ್ತಾಳೆಯ ಪುಟ್ಟ ಬಿರಡೆ ಇಟ್ಟ. ನಾವಿಬ್ಬರೂ ಜಗಳವಾಡಿದ್ದು ಲಾಫ್ಟಿನ ಬಗ್ಗೆ. ಹಿಂದೆ ಏಳನೆಯ ಐರನ್ನಿನ ಮುಖ 35 ಡಿಗ್ರಿಯ ಆಸುಪಾಸು ಹಿಂದಕ್ಕೆ ವಾಲಿರುತ್ತಿತ್ತು. ಈಗ 28 ಮಾಡಿ, ಐದನೆಯದರ ಮೇಲೆ ಏಳೆಂದು ಕೆತ್ತಿ, ‘ನೋಡಿ, ಎಷ್ಟು ದೂರ!’ ಎನ್ನುತ್ತಾರೆ. ನನ್ನಂಥ ನಿಧಾನದ ಕೈಯವರು ಅದರಿಂದ ಹೊಡೆದ ಚೆಂಡು ಗ್ರೀನಿನ ಮೇಲೆ ಬಿದ್ದು ನಿಲ್ಲದೆ ಹಿಂದಿನ ಗುಂಡಿಗೆ ಉರುಳುತ್ತದೆ. ಅಂಗಡಿಯ ರೇಡಾರ್ ಯಂತ್ರ ದೂರವನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ, ಚೆಂಡು ಇಳಿಯುವ ಕೋನವನ್ನು ಮೂಲೆಯಲ್ಲಿ ಬರೆಯುತ್ತದೆ. ನೀವು ಹೋದರೆ ಮೂಲೆಯನ್ನು ನೋಡಿ. ನಾನು 33 ಡಿಗ್ರಿ ತೆಗೆದುಕೊಂಡೆ. “ಒಂದು ಡಿಗ್ರಿ ಬಿಗಿ ಮಾಡಲಾ ಅಂಕಲ್, ಐದು ಗಜ ಜಾಸ್ತಿ ಬರುತ್ತೆ” ಎಂದ. ಬೇಡವೆಂದೆ. ಲಾಫ್ಟ್ ಒಂದು ಡಿಗ್ರಿ ಇಳಿಸಿದರೆ ತಳದ ಉಬ್ಬೂ ಒಂದು ಡಿಗ್ರಿ ಇಳಿಯುತ್ತದೆ. ಚಾಮುಂಡಿ ಬೆಟ್ಟದ ಬುಡದಲ್ಲಿ ಮಾರ್ಚಿಯ ಒಣ ನೆಲದ ಮೇಲೆ ಆಡುವವನಿಗೆ ತಳ ಜಾರಬೇಕು; ಗುದ್ದಲಿಯಂತೆ ಕಚ್ಚಿಕೊಂಡರೆ ಮಣಿಕಟ್ಟಿಗೆ ಏಟು.

ಐದನೆಯ ಐರನ್ ಕೊಳ್ಳಲಿಲ್ಲ. ಈ ವಯಸ್ಸಿನಲ್ಲಿ ಆ ದೂರಕ್ಕೆ ದಪ್ಪ ತಲೆಯ ಹೈಬ್ರಿಡ್ಡೇ ಸರಿ. ಉಳಿದ ಹಣ ಹೆಂಡತಿಯ ಲೆಕ್ಕಕ್ಕೆ ಜಮೆ.

ಸೆಟ್ಟು ಬಂದು ಎಂಟು ತಿಂಗಳಾಯಿತು. ಮೆದು ಉಕ್ಕಲ್ಲವೇ, ಬಾಗುವ ಗುಣ ಎರಡೂ ಕಡೆಗೆ ಇರುತ್ತದೆ. ಮೊನ್ನೆ ಅಳೆಸಿದಾಗ ಎಂಟನೆಯದು ಒಂದು ಡಿಗ್ರಿ ಸರಿದಿತ್ತು. ಹುಡುಗ ಎರಡು ನಿಮಿಷದಲ್ಲಿ ಬಗ್ಗಿಸಿ ಕೊಟ್ಟ, ದುಡ್ಡು ಕೇಳಲಿಲ್ಲ. ಕಿವಿಯ ಯಂತ್ರವನ್ನು ಈಗ ಜೇಬಿನಲ್ಲಿಟ್ಟುಕೊಂಡೇ ಆಡುತ್ತೇನೆ. ನನ್ನ ಕ್ಯಾಡಿ ವಯಸ್ಸಾದವನು, ಮರ್ಯಾದಸ್ಥ. ಪ್ರತಿ ಹೊಡೆತಕ್ಕೂ ನನ್ನ ಮುಖದ ಹತ್ತಿರ ಬಂದು, “ಸದ್ದು ಚೆನ್ನಾಗಿತ್ತು ಸಾರ್” ಎಂದು ಗಟ್ಟಿಯಾಗಿ ಹೇಳುತ್ತಾನೆ. ಚೆಂಡು ತುದಿಗೆ ತಾಗಿತ್ತೆಂದು ಅಷ್ಟರಲ್ಲಿ ಕೈಗೆ ತಿಳಿದಿರುತ್ತದೆ. ಹೌದಪ್ಪಾ ಎಂದು ಮುಂದೆ ನಡೆಯುತ್ತೇನೆ.