ಭುಜಕ್ಕೆ ಒದೆಯುವ ಕೋವಿ, ಮುತ್ತತ್ತಿಯ ಕಾಡು

ಮದ್ದೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ವಡೆ. ಆದರೆ ಊರಿನ ಹಿರಿಯರನ್ನು ಕೇಳಿದರೆ ಹೆಸರಿನ ಹಿಂದೆ ಇನ್ನೊಂದು ಕಥೆ ಇದೆ ಎನ್ನುತ್ತಾರೆ. ಹಿಂದೆ ಅರ್ಜುನಪುರಿಯಾಗಿದ್ದ ಊರಿನಲ್ಲಿ ಟಿಪ್ಪುವಿನ ಕಾಲಕ್ಕೆ ಕೋವಿಯ ಮದ್ದು ತಯಾರಾಗುತ್ತಿತ್ತಂತೆ, ಮದ್ದಿನ ಊರು ಮದ್ದೂರಾಯಿತಂತೆ. ಇತಿಹಾಸಕಾರರು ಒಪ್ಪಲಿ, ಬಿಡಲಿ, ಈ ಸೀಮೆಗೆ ಮದ್ದಿನ ವಾಸನೆ ಹೊಸದಲ್ಲ. ಮದ್ದೂರಿನಿಂದ ದಕ್ಷಿಣಕ್ಕೆ ತಿರುಗಿ, ಕಬ್ಬಿನ ಗದ್ದೆಗಳ ನಡುವೆ ಮಳವಳ್ಳಿ ಸೇರಿದರೆ ಅದಕ್ಕೆ ತಾರೀಖು ಸಮೇತ ಸಾಕ್ಷಿ ಸಿಗುತ್ತದೆ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಕಾಳಗ ನಡೆದದ್ದು ಇದೇ ಮಳವಳ್ಳಿಯ ಬಯಲಲ್ಲಿ. ಐದೂವರೆ ವಾರ ಕಳೆಯುವಷ್ಟರಲ್ಲಿ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು.

ಅಂದಿನ ಸಿಪಾಯಿ ಹಿಡಿದಿದ್ದ ಬಂದೂಕು ನಾಲ್ಕೂವರೆ ಕಿಲೋ ತೂಗುತ್ತಿತ್ತು. ಸುಮಾರು ಮೂವತ್ತು ಗ್ರಾಂ ತೂಕದ ಸೀಸದ ಉಂಡೆಯನ್ನು ಉಗುಳುತ್ತಿತ್ತು. ಉಗುಳಿದಷ್ಟೇ ಬಿರುಸಾಗಿ ಹಿಡಿದವನ ಭುಜಕ್ಕೂ ಒದೆಯುತ್ತಿತ್ತು. ಕೋವಿಯ ಈ ಒದೆತದ ಬಗ್ಗೆ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಆದರೆ ಕೋವಿ ಹಿಡಿದವನ ಅರ್ಧ ಬದುಕು ಅದರ ಜೊತೆಗಿನ ಹೊಂದಾಣಿಕೆಯೇ.

ಮಳವಳ್ಳಿಯಿಂದ ಕನಕಪುರದ ದಿಕ್ಕಿಗೆ ಹೊರಟು ಹಲಗೂರಿನಲ್ಲಿ ಬಲಕ್ಕೆ ಹೊರಳಿದರೆ ದಾರಿ ನಿಧಾನವಾಗಿ ಕಾಡಿಗಿಳಿಯುತ್ತದೆ. ಬಸವನಬೆಟ್ಟದ ಕುರುಚಲು, ಬಿದಿರು, ಕೊನೆಗೆ ಕಾವೇರಿ. ದಡದಲ್ಲಿ ಮುತ್ತತ್ತಿರಾಯ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ಹುಡುಕಿ ಎತ್ತಿಕೊಟ್ಟನೆಂಬ ಕಥೆ ಇಲ್ಲಿಯದು. ವರನಟ ರಾಜ್‌ಕುಮಾರ್ ಅವರಿಗೆ ತಂದೆತಾಯಿ ಇಟ್ಟ ಮುತ್ತುರಾಜ ಎಂಬ ಹೆಸರೂ ಈ ದೇವರದೇ. ಹೊಳೆ ನೋಡಲು ಸೌಮ್ಯ, ಒಳಗೆ ಸುಳಿ. ಈಜು ಬಲ್ಲೆನೆಂಬ ಧೈರ್ಯದಲ್ಲಿ ಇಳಿದು ಮುಳುಗಿದ ಹುಡುಗರು ಬಹಳ ಮಂದಿ. ಪ್ರವಾಸಕ್ಕೆ ಕಳಿಸುವ ತಂದೆತಾಯಿ ಈ ಮಾತನ್ನು ಮಕ್ಕಳ ಕಿವಿಗೆ ಹಾಕಿಯೇ ಕಳಿಸಬೇಕು.

ಈ ಕಾಡು 1987ರಿಂದ ಕಾವೇರಿ ವನ್ಯಜೀವಿ ಧಾಮದ ಭಾಗ. ಆನೆ, ಚಿರತೆ, ಬೂದು ಬಣ್ಣದ ದೊಡ್ಡ ಅಳಿಲು ಇಲ್ಲಿನ ನಿವಾಸಿಗಳು. ಹೊಳೆಯ ಜೊತೆಗೇ ಕೆಳಕ್ಕೆ ಸಾಗಿದರೆ ಸಂಗಮ, ಮೇಕೆದಾಟು. ಅದರಾಚೆ ತಮಿಳುನಾಡಿನ ಗಡಿಯ ಅಂಚೆಟ್ಟಿ, ಜವಳಗಿರಿಯ ಕಾಡುಗಳು. ಈ ಹೆಸರುಗಳು ಕನ್ನಡದ ಮಕ್ಕಳಿಗೆ ಗೊತ್ತಿರಲೇಬೇಕು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ಬಿಡುವು ಸಿಕ್ಕಾಗಲೆಲ್ಲ ಕಾಡಿಗೆ ಓಡುತ್ತಿದ್ದ ಕೆನೆತ್ ಆಂಡರ್ಸನ್ (1910–1974) ನರಭಕ್ಷಕಗಳ ಬೆನ್ನು ಹತ್ತಿದ ಸೀಮೆ ಅದು. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಆಂಡರ್ಸನ್‌ರನ್ನು ಕನ್ನಡಕ್ಕೆ ತಂದ ಮೇಲೆ, ಆ ಪುಸ್ತಕಗಳನ್ನು ಹಾಸಿಗೆಯಲ್ಲಿ ಮುಸುಕಿನೊಳಗೆ ಓದದ ಹೈಸ್ಕೂಲು ಹುಡುಗರು ವಿರಳ.

ಆಂಡರ್ಸನ್‌ರ ನೆಚ್ಚಿನ ಕೋವಿ .405 ವಿಂಚೆಸ್ಟರ್, 1895ರ ಮಾದರಿ. ಕೆಳಗಿನ ಸನ್ನೆಯನ್ನು ಒಮ್ಮೆ ಇಳಿಸಿ ಎತ್ತಿದರೆ ಮುಂದಿನ ತೋಟಾ ಸಿದ್ಧ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೋದಾಗ ಸಿಂಹಗಳಿಗೆಂದು ಒಯ್ದದ್ದೂ ಇದನ್ನೇ. ಬಲವಾದ ಕೋವಿ, ಆದರೆ ಸೌಜನ್ಯದ್ದಲ್ಲ. ಹಳೆಯ ಮಾದರಿಯ ಹಿಡಿಯ ತುದಿಗೆ ಇದ್ದದ್ದು ರಬ್ಬರಲ್ಲ, ಬಾಗಿದ ಉಕ್ಕಿನ ಪಟ್ಟಿ. ಗುಂಡು ಹಾರಿದಾಗ ಅದರ ಮೂಲೆ ಎಲ್ಲಿ ನಾಟಬೇಕೋ ಅಲ್ಲಿ ನಾಟುತ್ತಿತ್ತು.

ಒದೆತವೆಂದರೆ ಏನು? ಹತ್ತನೆಯ ತರಗತಿ ಮುಗಿಸಿದವರಿಗೆ ಇದು ನ್ಯೂಟನ್ನನ ಮೂರನೆಯ ನಿಯಮ. 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಅದರ ಬೆನ್ನಿಗೆ ಉರಿದ ಮದ್ದಿನ ಅನಿಲವೂ ನುಗ್ಗುತ್ತದೆ. ಈ ಎರಡರ ಸಂವೇಗಕ್ಕೆ ಸಮನಾದ ಸಂವೇಗದಿಂದ ಕೋವಿ ಹಿಂದಕ್ಕೆ ಬರಬೇಕು. ಮೂರೂಮುಕ್ಕಾಲು ಕಿಲೋ ತೂಕದ ಕೋವಿಯಾದರೆ ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ ನಾಲ್ಕೂವರೆ ಮೀಟರಿನಷ್ಟು, ಅಂದರೆ ಸೈಕಲ್ ತುಳಿಯುವ ವೇಗದಲ್ಲಿ, ಅದು ಭುಜದ ಮೇಲೆ ಬಂದು ಬೀಳುತ್ತದೆ. ಒದೆತದ ಶಕ್ತಿ ಸುಮಾರು 40 ಜೂಲ್. ನಮ್ಮ ಪೊಲೀಸರು ದಶಕಗಟ್ಟಲೆ ಹೊತ್ತು ತಿರುಗಿದ .303 ಕೋವಿಯದು ಹದಿನೈದು, ಹದಿನಾರು ಜೂಲ್. ಎನ್‌ಸಿಸಿಯ ಹುಡುಗ ಹುಡುಗಿಯರು ಮೊದಲು ಹಿಡಿಯುವ .22ರದ್ದು ಕಾಲು ಜೂಲ್ ಕೂಡ ಇಲ್ಲ. ಮಗಳು ಶಿಬಿರಕ್ಕೆ ಹೋದರೆ ಭುಜ ಮುರಿದುಕೊಂಡು ಬಂದಾಳೆಂದು ಅಂಜುವ ತಾಯಂದಿರು ಈ ಅಂಕಿಗಳನ್ನು ನೋಡಿ ನಿಶ್ಚಿಂತೆಯಿಂದಿರಬಹುದು.

ಆದರೆ ದೊಡ್ಡ ಕೋವಿಯ ನಿಜವಾದ ತೊಂದರೆ ಭುಜದ್ದಲ್ಲ, ಮನಸ್ಸಿನದು. ಒಂದು ಸಲ ಒದೆಸಿಕೊಂಡ ಮೈ ಎರಡನೆಯ ಸಲ ಕಾಯುವುದಿಲ್ಲ. ಕುದುರೆ ಒತ್ತುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆಯ ಮೂತಿ ಒಂದೆರಡು ಕೂದಲೆಳೆ ಬಾಗುತ್ತದೆ. ಗುಂಡು ಗುರಿಯಿಂದ ಒಂದಡಿ ಆಚೆ. ಹೊಡೆದವನಿಗೆ ತಾನು ಬೆಚ್ಚಿದ್ದೇ ತಿಳಿಯುವುದಿಲ್ಲ, ಕೋವಿ ಸರಿಯಿಲ್ಲವೆಂದು ದೂರುತ್ತಾನೆ. ಇದಕ್ಕೆ ಪಳಗಿದ ಗುರುಗಳ ಬಳಿ ಒಂದು ಉಪಾಯವಿದೆ. ಶಿಷ್ಯನಿಗೆ ಹೇಳದೆ ನಿಜ ತೋಟಾಗಳ ನಡುವೆ ಒಂದು ಸುಳ್ಳು ತೋಟಾ ತುಂಬಿ ಕೊಡುತ್ತಾರೆ. ಕುದುರೆ ‘ಟಿಕ್’ ಎನ್ನುತ್ತದೆ, ಗುಂಡಿಲ್ಲ, ಒದೆತವಿಲ್ಲ, ಆದರೂ ನಳಿಗೆ ಗಕ್ಕನೆ ಕುಣಿಯುತ್ತದೆ. ಅಷ್ಟು ಸಾಕು, ಬೇರೆ ಉಪದೇಶ ಬೇಡ.

ಮಹಾಮಹಾ ಬೇಟೆಗಾರರೂ ಇದರಿಂದ ಪಾರಾಗಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1874ರಲ್ಲಿ ಖೆಡ್ಡಾ ಮಾಡಿ ಆನೆ ಹಿಂಡನ್ನು ಹಿಡಿದ ಜಿ. ಪಿ. ಸ್ಯಾಂಡರ್ಸನ್ ಆನೆಯ ಬೇಟೆಗೆ 4 ಬೋರಿನಂಥ ಫಿರಂಗಿಯೇ ಬೇಕೆನ್ನುತ್ತಿದ್ದರು. ಒಂದು ಪೌಂಡ್ ಸೀಸದಲ್ಲಿ ನಾಲ್ಕೇ ಗುಂಡು, ಒಂದೊಂದು 113 ಗ್ರಾಂ. ಅದೇ ಅಳತೆಯ ಕೋವಿಗಳನ್ನು ಆಫ್ರಿಕಾದಲ್ಲಿ ಬಳಸಿದ ಫ್ರೆಡರಿಕ್ ಸೆಲೂಸ್, ಅವುಗಳ ಒದೆತದಿಂದ ತಮ್ಮ ನರಗಳೇ ಕೆಟ್ಟು ಮುಂದೆ ಬದುಕಿಡೀ ಗುರಿಯ ಮೇಲೆ ಪರಿಣಾಮವಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹಾಗಾದರೆ ಪಳಗಿಸುವುದು ಹೇಗೆ? ಒದೆತವನ್ನು ಗೆಲ್ಲಲು ಹೊರಟವನು ಸೋಲುತ್ತಾನೆ, ಅದರ ಜೊತೆ ಹೋಗುವವನು ಕಲಿಯುತ್ತಾನೆ. ಮೊದಲು ಸಣ್ಣ ಕೋವಿಯಲ್ಲಿ ನೂರಾರು ಗುಂಡು, ಆಮೇಲೆ ದೊಡ್ಡದರಲ್ಲಿ ದಿನಕ್ಕೆ ನಾಲ್ಕೈದು ಮಾತ್ರ. ಹಿಡಿಯನ್ನು ಭುಜದ ಗುಳಿಗೆ ಭದ್ರವಾಗಿ ಒತ್ತಿ ಹಿಡಿಯಬೇಕು. ಸಡಿಲ ಬಿಟ್ಟರೆ ತಳ್ಳು ಪೆಟ್ಟಾಗುತ್ತದೆ. ಮೈ ಸ್ವಲ್ಪ ಮುಂದಕ್ಕೆ ವಾಲಿರಬೇಕು. ದೊಡ್ಡ ಕೋವಿಯನ್ನು ನಿಂತು ಹೊಡೆಯುವುದೇ ಸುಖ. ನಿಂತವನ ನಡು ಗಾಳಿಗೆ ಬಾಗುವ ಕಬ್ಬಿನಂತೆ ಹಿಂದಕ್ಕೆ ತೂಗಿ ಪೆಟ್ಟನ್ನು ಕುಡಿಯುತ್ತದೆ. ನೆಲಕ್ಕೆ ಅಂಟಿ ಮಲಗಿದವನಿಗೆ ಆ ಅವಕಾಶವಿಲ್ಲ, ಪೆಟ್ಟೆಲ್ಲ ಕೊರಳೆಲುಬಿಗೆ. ಕಿವಿಗೆ ರಕ್ಷಣೆ ಅತ್ಯಗತ್ಯ, ಏಕೆಂದರೆ ಅರ್ಧ ಅಂಜಿಕೆ ಹುಟ್ಟುವುದು ಸದ್ದಿನಿಂದ. ನೋವು ಶುರುವಾದ ದಿನ ಅಲ್ಲಿಗೇ ನಿಲ್ಲಿಸಬೇಕು. ಹಟಕ್ಕೆ ಬಿದ್ದು ಹೊಡೆದ ಪ್ರತಿ ಗುಂಡೂ ಬೆಚ್ಚುವುದನ್ನೇ ಕಲಿಸುತ್ತದೆ.

ಇದರಲ್ಲಿ ಏನು ಹೋಗುತ್ತದೆ, ಗುರಿ ತಪ್ಪಿದರೆ ತಪ್ಪಿತು ಎನ್ನಬಹುದು. ಗುರಿಹಲಗೆಯ ಮುಂದೆ ಸರಿ. ಕಾಡಿನಲ್ಲಿ ಹಾಗಲ್ಲ. ಒಂದಡಿ ತಪ್ಪಿದ ಗುಂಡು ಹೃದಯಕ್ಕೆ ಬದಲು ದವಡೆಗೋ ಕಾಲಿಗೋ ತಗಲುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕುಮಾವೂಂನಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತೆಂದು ಲೆಕ್ಕ. ಬಾಯಿ ತೆರೆದು ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಯಾರದೋ ಹಳೆಯ ಗುಂಡಿಗೆ ಮುರಿದಿದ್ದವು. ಆ ಗುಂಡು ಹೊಡೆದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆಂಡರ್ಸನ್‌ರ ಕಥೆಗಳಲ್ಲೂ ನರಭಕ್ಷಕನ ಮೈಯಲ್ಲಿ ಹಳೆಯ ಗಾಯವೊಂದು ಮತ್ತೆ ಮತ್ತೆ ಸಿಗುತ್ತದೆ. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಮನೆಗೆ ಹೋಗುವವನನ್ನು ಅವರು ಬೇಟೆಗಾರರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮುತ್ತತ್ತಿಯ ಕಾಡಿಗೆ ಕೋವಿ ಹಿಡಿದು ಹೋಗುವವನು ಬೇಟೆಗಾರನಲ್ಲ, ಕಳ್ಳ. ಕೋವಿಯ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡ ರೈತರೂ ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಆ ಹೊತ್ತಿಗೆ ಸರಿಯಾಗಿ ಹಂದಿಗಳು ಗದ್ದೆಗಿಳಿಯುತ್ತವೆಂಬುದು ರೈತರ ಗೊಣಗಾಟ. ಹಂದಿಗಳಿಗೆ ಚುನಾವಣಾ ಆಯೋಗದ ಭಯವಿಲ್ಲ!

ಆದರೆ ಕಾಡೇ ಊರಿಗೆ ಬರುತ್ತಿದೆ. ಮುತ್ತತ್ತಿಯ ಕಡೆಯಿಂದ ಹೊರಟ ಆನೆಗಳು ಮಳವಳ್ಳಿ, ಮದ್ದೂರಿನ ಕಬ್ಬಿನ ಗದ್ದೆಗಳಲ್ಲಿ ಬೆಳಗಾಗುವಾಗ ನಿಂತಿರುತ್ತವೆ. ಚಿರತೆಗೆ ಆಳೆತ್ತರದ ಕಬ್ಬು ಕಾಡಿಗಿಂತ ಒಳ್ಳೆಯ ಮರೆ. ಆಗ ಅರಣ್ಯ ಇಲಾಖೆಯ ಜೀಪಿನಿಂದ ಇಳಿಯುವ ವೈದ್ಯರ ಕೈಯಲ್ಲಿ ಇರುವುದೂ ಉದ್ದ ನಳಿಗೆಯ ಕೋವಿಯೇ. ಅದರೊಳಗೆ ಮಾತ್ರ ಗುಂಡಿಲ್ಲ, ಅರಿವಳಿಕೆಯ ಸಿರಿಂಜು. ಅದನ್ನು ದೂಡುವುದು ಒತ್ತಿ ತುಂಬಿದ ಅನಿಲ, ಆದ್ದರಿಂದ ಒದೆತ ಹೆಸರಿಗಷ್ಟೇ. ಆದರೆ ಸಿರಿಂಜು ಹೋಗುವುದು ಕೆಲವೇ ಹತ್ತು ಮೀಟರ್ ದೂರ, ನಾಟಬೇಕಾದ್ದು ತೊಡೆಯ ಇಲ್ಲವೆ ಭುಜದ ದಪ್ಪ ಮಾಂಸಕ್ಕೆ. ಮದ್ದು ಏರಲು ನಿಮಿಷಗಳೇ ಬೇಕು. ಅಷ್ಟು ಹೊತ್ತು ಚಿರತೆ ಎಚ್ಚರವಾಗಿಯೇ ಇರುತ್ತದೆ, ಗದ್ದೆಯ ಬದುವಿನ ಮೇಲೆ ಮೊಬೈಲು ಎತ್ತಿ ಹಿಡಿದ ಜನವೂ ಕದಲದೆ ನಿಂತಿರುತ್ತದೆ.