ಧೂಳು ತಿನ್ನುವ ಸರದಿ

ಕೌಬಾಯ್ ಸಿನಿಮಾ ಎಂದೊಡನೆ ನಮ್ಮ ಗೆಳೆಯರಿಗೆ ನೆನಪಾಗುವುದು ಅಗಲ ಟೋಪಿ, ಬಾಯಲ್ಲಿ ಚುಟ್ಟಾ, ಸೊಂಟದಲ್ಲಿ ಪಿಸ್ತೂಲು. ನನಗೂ ಅಷ್ಟೇ ಗೊತ್ತಿತ್ತು. ಆತ ಮೂಲತಃ ದನ ಕಾಯುವವನು, ತಿಂಗಳ ಪಗಾರದ ಆಳು ಎಂಬ ಸಾದಾ ಸಂಗತಿ ತಲೆಗೆ ಹೋದದ್ದು ಕಳೆದ ದೀಪಾವಳಿ ರಜೆಯಲ್ಲಿ. ಪುಣೆಯ ಹಾಸ್ಟೆಲು ಖಾಲಿ, ಮೆಸ್ಸು ಬಂದ್. ನಾನು ಊರಿಗೆ ಹೋಗಿರಲಿಲ್ಲ. ಯಾಕೆ ಹೋಗಿರಲಿಲ್ಲ ಎಂಬುದನ್ನು ಆಮೇಲೆ ಹೇಳುತ್ತೇನೆ. ರೂಮ್‌ಮೇಟ್ ಬಿಟ್ಟುಹೋಗಿದ್ದ ಲ್ಯಾಪ್‌ಟಾಪಿನಲ್ಲಿ ನಾಲ್ಕು ದಿನಕ್ಕೆ ಮೂರು ಹಳೇ ಸಿನಿಮಾ ನೋಡಿದೆ. ಮೂರರದೂ ಹೆಚ್ಚುಕಡಿಮೆ ಒಂದೇ ಕಥೆ: ಕೆಲಸ ಗೊತ್ತಿಲ್ಲದ ಹೊಸಬ ದೊಡ್ಡ ದನದ ಹಿಂಡಿನ ಸಂಗಡ ದೂರದ ಊರಿಗೆ ಹೊರಡುತ್ತಾನೆ.

ಇದು ಬರೀ ಸಿನಿಮಾದವರ ಕಲ್ಪನೆಯಲ್ಲ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನಲ್ಲಿ ದನಗಳು ಲಕ್ಷಗಟ್ಟಲೆ, ಕೊಳ್ಳುವವರಿಲ್ಲ. ಉತ್ತರದ ಶಹರಗಳಲ್ಲಿ ಮಾಂಸಕ್ಕೆ ಒಳ್ಳೆಯ ಬೆಲೆ. 1867ರಲ್ಲಿ ಕಾನ್ಸಾಸ್‌ನ ಆಬಿಲೀನ್ ಎಂಬಲ್ಲಿ, ರೈಲುದಾರಿಯ ಪಕ್ಕಕ್ಕೆ, ದನದ ಪೇಟೆ ಶುರುವಾಯಿತು. 2-3 ಸಾವಿರ ದನಗಳ ಹಿಂಡನ್ನು 10-12 ಮಂದಿ, ದಿನಕ್ಕೆ 10-15 ಮೈಲಿಯಂತೆ, ಎರಡು ಮೂರು ತಿಂಗಳು ನಡೆಸಿಕೊಂಡು ಹೋಗುತ್ತಿದ್ದರು. ಪಗಾರ ತಿಂಗಳಿಗೆ 30-40 ಡಾಲರು. ಬಹಳಷ್ಟು ಮಂದಿ ಹರೆಯದ ಹುಡುಗರು. ಕಪ್ಪು ಜನರೂ ಮೆಕ್ಸಿಕೋದವರೂ ಸಾಕಷ್ಟಿದ್ದರು, ಸಿನಿಮಾಗಳು ಅವರನ್ನು ಅಷ್ಟಾಗಿ ತೋರಿಸಲಿಲ್ಲ. ಅನುಭವಿಗಳು ಹಿಂಡಿನ ಮುಂದೆ, ಹೊಸಬ ಬಾಲದಲ್ಲಿ. ಸಾವಿರಾರು ಗೊರಸು ಎಬ್ಬಿಸಿದ ಧೂಳೆಲ್ಲ ಅವನ ಪಾಲು. ರೈಲು ಹಬ್ಬಿ, ಮುಳ್ಳುತಂತಿಯ ಬೇಲಿ ಬಂದು, 1880ರ ದಶಕ ಮುಗಿಯುವುದರೊಳಗೆ ಈ ದಂಧೆಯೇ ಹೆಚ್ಚುಕಡಿಮೆ ಮುಗಿಯಿತು. ಸಿನಿಮಾ ಮಾತ್ರ ಅದರ ಹೆಸರಿನಲ್ಲಿ ಬಹಳ ಕಾಲ ಉಂಡಿತು.

ಬಾಲದಲ್ಲಿ ಧೂಳು ತಿನ್ನುವುದೆಂದರೇನು ಎಂದು ಹಾಸ್ಟೆಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಗಲಕೋಟೆ ಕಡೆಯಿಂದ ಬಂದ ನನಗೆ ಮೊದಲ ವರ್ಷ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಸೀನಿಯರುಗಳ ಬಟ್ಟೆ ಲಾಂಡ್ರಿಗೆ ಒಯ್ದೆ, ಅರ್ಧ ರಾತ್ರಿ ಚಹಾ ತಂದೆ, ಜರ್ನಲ್ ಬರೆದುಕೊಟ್ಟೆ. ಹಾಗಾಗಿ 1972ರ ‘ದ ಕಲ್ಪೆಪರ್ ಕ್ಯಾಟಲ್ ಕಂಪನಿ’ಯ ಹುಡುಗ ಬೆನ್‌ನಲ್ಲಿ ನನ್ನನ್ನೇ ಕಂಡೆ. ಕೌಬಾಯ್ ಆಗುವ ಹುಚ್ಚಿನಿಂದ ಮನೆ ಬಿಟ್ಟವನಿಗೆ ಸಿಕ್ಕಿದ್ದು ಅಡುಗೆಯವನ ಕೈಕೆಳಗಿನ ಚಾಕರಿ. ಕುದುರೆ ಕಾಯಲು ಬಿಟ್ಟರೆ ಕಳ್ಳರು ಹೊಡೆದುಕೊಂಡು ಹೋಗುತ್ತಾರೆ. ಅವನ ಪಾಡಿಗೆ ನಕ್ಕೆ, ಮರುಗಿದೆ. ಇಲ್ಲಿಯವರೆಗೆ ನಾನು ಒಳ್ಳೆಯವನೇ.

ಎರಡನೆಯ ಸಿನಿಮಾ 1958ರದು, ಡೆಲ್ಮರ್ ಡೇವ್ಸ್ ನಿರ್ದೇಶಿಸಿದ ‘ಕೌಬಾಯ್’. ಜ್ಯಾಕ್ ಲೆಮನ್ ಶಿಕಾಗೋದ ಹೋಟೆಲೊಂದರ ಗುಮಾಸ್ತ. ಗ್ಲೆನ್ ಫೋರ್ಡ್ ಪಳಗಿದ ದನದ ವ್ಯಾಪಾರಿ. ಕೂಡಿಟ್ಟ ಹಣ ಹಾಕಿ ಗುಮಾಸ್ತ ಅವನ ಬೆನ್ನು ಹತ್ತುತ್ತಾನೆ. ದಾರಿಯಲ್ಲಿ ಒಂದು ಕಡೆ ಆಳುಗಳು ಹೊತ್ತು ಕಳೆಯಲು ಹಾವು ಹಿಡಿದು ತಮಾಷೆ ಮಾಡುತ್ತಾರೆ. ಆ ತಮಾಷೆಯಲ್ಲಿ ಹಾವು ಒಬ್ಬನಿಗೆ ಕಚ್ಚುತ್ತದೆ, ಆತ ಸಾಯುತ್ತಾನೆ. ಗೋರಿಯ ಮುಂದೆ ಯಜಮಾನ ನಾಲ್ಕು ಮಾತಾಡುತ್ತಾನೆ, ಹಿಂಡು ಮುಂದೆ ಸಾಗುತ್ತದೆ. ಯಾರೂ ಖಳನಾಯಕರಲ್ಲ. ಬೇಸರ ಕಳೆಯಲು ನಕ್ಕವರು, ಅಷ್ಟೇ.

ನಾನು ಅಲ್ಲಿಗೇ ಸಿನಿಮಾ ನಿಲ್ಲಿಸಿದೆ. ಈಗ ನನ್ನ ಹಾವಿನ ಕಥೆ ಹೇಳಬೇಕು.

ಕಳೆದ ವರ್ಷ ಮೊದಲ ವರ್ಷಕ್ಕೆ ನಮ್ಮ ಕಡೆಯ ಒಬ್ಬ ಹುಡುಗ ಬಂದಿದ್ದ. ಸಂಘದ ಸಭೆ ತಪ್ಪಿಸುತ್ತಿರಲಿಲ್ಲ. ನನ್ನನ್ನು ‘ಅಣ್ಣಾ’ ಎನ್ನುತ್ತಿದ್ದ. ಒಂದು ರಾತ್ರಿ ನಮ್ಮ ರೂಮಿನವರು ಅವನ ಮೊಬೈಲು ಬಚ್ಚಿಟ್ಟರು. ಮುಂದಿನ ಕೆಲಸ ನನ್ನ ಪಾಲಿಗೆ ಬಂತು, ಯಾಕೆಂದರೆ ನಾನು ಕನ್ನಡದವನು.

“ತಮ್ಮಾ, ನಿಮ್ಮೂರಿಂದ ನನಗ ಫೋನ್ ಬಂದಿತ್ತು. ನಿಮ್ಮಪ್ಪಗ ಆರಾಮಿಲ್ಲಂತ. ಲಗೂನ ಹೋಗು,” ಎಂದೆ.

ಬೇರೆಯವರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದರೆ ಎರಡು ಸಲ ಕೇಳುತ್ತಿದ್ದ. ನಮ್ಮ ಮಾತಿನಲ್ಲಿ ಹೇಳಿದ್ದಕ್ಕೆ ಚಪ್ಪಲಿ ಕೂಡ ಹಾಕದೆ ಓಡಿದ. ಗೇಟಿನಿಂದ ವಾಪಸು ಬರುತ್ತಾನೆಂದು ನಗುತ್ತ ಕಾದೆವು. ಅವನು ಸ್ವಾರ್‌ಗೇಟ್ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದ. ಅಲ್ಲಿ ಯಾರದೋ ಫೋನಿನಿಂದ ಮನೆಗೆ ಮಾಡಿದಾಗ ಅಪ್ಪನೇ ಎತ್ತಿಕೊಂಡರಂತೆ. ಬೆಳಗಿನ ಜಾವ ನಡೆದು ಬಂದ.

“ಅಣ್ಣಾ, ನಾ ನಿನಗೇನ್ ಮಾಡಿದ್ದೆ?” ಎಂದಷ್ಟೇ ಕೇಳಿದ. ಮುಂದಿನ ವಾರ ಹಾಸ್ಟೆಲು ಬಿಟ್ಟು ಹೊರಗೆ ರೂಮು ಮಾಡಿದ. ಸಂಘಕ್ಕೂ ಬರುವುದನ್ನು ಬಿಟ್ಟ. ದೀಪಾವಳಿಗೆ ಊರಿನ ಬಸ್ಸಿನಲ್ಲಿ ಅವನ ಮುಖ ನೋಡಬೇಕಾದೀತೆಂದೇ ನಾನು ಇಲ್ಲಿ ಉಳಿದದ್ದು.

ಮರುದಿನ ಸಿನಿಮಾ ಮುಂದುವರಿಸಿದೆ. ಆ ಸಾವಿಗೆ ಕುದಿದಿದ್ದ ಗುಮಾಸ್ತನೇ ಬರುಬರುತ್ತ ಯಜಮಾನನಿಗಿಂತ ಕಲ್ಲಾಗುತ್ತಾನೆ. ದನ ಹೊಡೆಯುವುದನ್ನು ಕಲಿಯುವಾಗಲೇ ಮನುಷ್ಯರನ್ನು ಲೆಕ್ಕಕ್ಕಿಡದಿರುವುದನ್ನೂ ಕಲಿತಿರುತ್ತಾನೆ. ಅವನನ್ನು ನೋಡಿ ಯಜಮಾನ ಮೆತ್ತಗಾಗುತ್ತಾನೆ, ಕನ್ನಡಿ ನೋಡಿಕೊಂಡವನ ಹಾಗೆ. ಕೆಲಸ ಕಲಿಸುವ ದಾರಿಯಲ್ಲೇ ಈ ಎರಡನೆಯ ಪಾಠವೂ ಇರುತ್ತದೆ. ನಾವು ಎರಡನ್ನೂ ಒಂದೇ ಎಂದು ತಿಳಿದು, ‘ಅವ ಈಗ ತಯಾರಾದ’ ಎನ್ನುತ್ತೇವೆ.

ಮೂರನೆಯದು ‘ದ ಕೌಬಾಯ್ಸ್’, ಅದೂ 1972ರದೇ. ಆಳುಗಳೆಲ್ಲ ಚಿನ್ನದ ಆಸೆಗೆ ಓಡಿಹೋದಾಗ ಮುದಿ ಜಾನ್ ವೇನ್ ಶಾಲೆಯ ಹುಡುಗರನ್ನೇ ಕಟ್ಟಿಕೊಂಡು ಹಿಂಡು ಹೊರಡಿಸುತ್ತಾನೆ. ದಾರಿಯಲ್ಲಿ ಕಳ್ಳರು ಅವನನ್ನು ಕೊಲ್ಲುತ್ತಾರೆ. ಹುಡುಗರು ಕಳ್ಳರನ್ನು ಕೊಂದು ಹಿಂಡನ್ನು ಊರು ಮುಟ್ಟಿಸುತ್ತಾರೆ. ಹುಡುಗರು ಗಂಡಸರಾದರು ಎನ್ನುವಂತಿದೆ ಸಿನಿಮಾ. ನನಗೆ ಹಾಗನ್ನಿಸಲಿಲ್ಲ. ದನ ಮುಟ್ಟಿಸಿದ್ದರಲ್ಲ, ಅಷ್ಟಕ್ಕೇ ಅವರು ದೊಡ್ಡವರಾಗಿದ್ದರು. ಕಲ್ಪೆಪರ್‌ನ ಬೆನ್ ಕೊನೆಗೆ ಪಿಸ್ತೂಲು ಎಸೆದು ಒಬ್ಬನೇ ಹೋಗುತ್ತಾನಲ್ಲ, ಅವನ ಬೆನ್ನು ನನಗೆ ಹೆಚ್ಚು ನೆನಪಿನಲ್ಲಿ ಉಳಿದಿದೆ.

ರಜೆ ಮುಗಿದ ಮೇಲೆ ಆ ಹುಡುಗನ ರೂಮು ಹುಡುಕಿಕೊಂಡು ಹೋದೆ. ತಪ್ಪಾಯಿತು ಎಂದೆ. ಸ್ಟೋವಿನ ಮೇಲೆ ಚಹಾ ಮಾಡಿ ಕೊಟ್ಟ. “ಆತು ಬಿಡ್ರಿ,” ಎಂದ. ‘ಬಿಡಣ್ಣಾ’ ಎನ್ನಲಿಲ್ಲ. ಆ ‘ರೀ’ ನನಗೆ ಸಲ್ಲಬೇಕಾದ ಮರ್ಯಾದೆಯೇ.

ಜುಲೈಯಲ್ಲಿ ಮತ್ತೆ ಹೊಸಬರು ಬರುತ್ತಾರೆ. ಧೂಳನ್ನು ಅವರೇ ತಿನ್ನಬೇಕೆಂದು ಕಾನೂನೇನೂ ಇಲ್ಲ. ಲಾಂಡ್ರಿ ಎಲ್ಲಿ, ಮೆಸ್ ಯಾವುದು, ಸ್ವಾರ್‌ಗೇಟಿಗೆ ಯಾವ ಬಸ್ಸು ಎಂದು ತೋರಿಸಲು ಸಂಘದಿಂದ ಇಬ್ಬರಾದರೂ ಬೇಕು. ಕಾರ್ಯದರ್ಶಿಗಳು ಒಂದು ಹೆಸರು ಈಗಲೇ ಬರೆದುಕೊಳ್ಳಬಹುದು. ಇನ್ನೊಬ್ಬರು ಯಾರು ಬರುತ್ತೀರಿ?