ಪರ್ಸಿ ಊರಿನವನ ವಿಮಾನಯಾನ

ನಮ್ಮೂರು ನಾಲವಾರದಲ್ಲಿ ನಾನು ಮಿಲಿಟ್ರಿಯವನೆಂದೇ ಲೆಕ್ಕ. ಎಂಇಎಸ್ ಎಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್, 1923ರಲ್ಲಿ ಶುರುವಾದ ಇಲಾಖೆ, ಅದರಲ್ಲಿ ನನ್ನಂಥ ಸಾದಾ ಅಂಗಿ-ಪ್ಯಾಂಟಿನ ನೌಕರರೂ ಬೇಕಾದಷ್ಟಿದ್ದಾರೆ, ನಮ್ಮ ಕೈಗೆ ಬರುವುದು ಬಂದೂಕಲ್ಲ, ಅಳತೆ ಟೇಪು ಎಂದು ಹೇಳಿ ಹೇಳಿ ಸೋತೆ. ಕೋರಿಸಿದ್ಧೇಶ್ವರ ಮಠದ ಜಾತ್ರೆಗೆಂದು ರಜೆ ಮೇಲೆ ಬಂದಾಗಲೆಲ್ಲ ಕಟ್ಟೆಯ ಹಿರಿಯರು, "ಬಾರ್ಡರ್ ಹ್ಯಾಂಗದಪಾ?" ಎನ್ನುವರು. ಬರಬರುತ್ತ ನಾನೂ "ಶಾಂತದರಿ" ಎನ್ನತೊಡಗಿದೆ. ಗಡಿ ಕಾಯುವುದಕ್ಕಿಂತ ಅವರಿಗೆ ತಿಳಿಹೇಳುವುದೇ ಕಷ್ಟವಿತ್ತು.

ಸುನಾಮಿ ಬಡಿದ ಮೇಲೆ ಕಾರ್ ನಿಕೋಬಾರಿನ ವಾಯುಪಡೆ ನೆಲೆಯಲ್ಲಿ ಮರುಕಟ್ಟುವ ಕೆಲಸ ನಡೆದಿತ್ತು. ಹೋಗಿ ಬಾ ಎಂದರು. ಹಡಗಾದರೆ ಪೋರ್ಟ್ ಬ್ಲೇರಿಗೇ ಮೂರು ದಿನದ ಮಾತು. ಹೀಗಾಗಿ ತಾಂಬರಂನಿಂದ ವಾಯುಪಡೆಯ ಎಎನ್-32ರಲ್ಲಿ ನನ್ನ ಹೆಸರು ಸೇರಿತು. ಆ ವಿಮಾನದ ಫೇರಿಗೆ ಕೊರಿಯರ್ ಎನ್ನುತ್ತಾರೆ. ನನ್ನನ್ನು ಒಯ್ದದ್ದೂ ಹಾಗೆಯೇ ಅನ್ನಿ. ತಕ್ಕಡಿ ಮೇಲೆ ನನ್ನನ್ನೂ ನಿಲ್ಲಿಸಿದರು, ಅವ್ವ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನೂ ಇಟ್ಟರು. ಎರಡರ ತೂಕವನ್ನೂ ಒಬ್ಬ ಸಾರ್ಜೆಂಟ್ ಒಂದೇ ಮುಖಭಾವದಲ್ಲಿ ಬರೆದುಕೊಂಡ.

ಮೋಡ ಕವಿದರೆ ಕೊರಿಯರ್ ಇಲ್ಲ. ಬೆಳಗಾಗುವ ಮುಂಚೆ ಎದ್ದು ಸ್ನಾನ ಮಾಡಿ ಹೋಗುವುದು, ಕೂರುವುದು, "ಇವತ್ತು ಇಲ್ಲ" ಎನ್ನಿಸಿಕೊಂಡು ತಿರುಗಿ ಬರುವುದು. ಅಷ್ಟರಲ್ಲಿ ಅರ್ಧ ರೊಟ್ಟಿ ನೆಲದ ಮೇಲೇ ಖರ್ಚಾದವು. ನನ್ನ ತೂಕ ಏನೂ ಇಳಿಯಲಿಲ್ಲ.

ಕೊನೆಗೊಂದು ದಿನ ಹತ್ತಿದೆವು. ಹಿಂದಿನ ದೊಡ್ಡ ಬಾಯಿಯಿಂದ ಸಾಮಾನು ಏರಿಸಿ, ನಡುವೆ ಬಲೆ ಹಾಕಿ ಬಿಗಿದಿದ್ದರು: ತರಕಾರಿ, ಟಪಾಲು ಚೀಲ, ಜನರೇಟರಿನ ಬಿಡಿಭಾಗ. ನಾವು ಗೋಡೆಗೆ ಬೆನ್ನು ಹಚ್ಚಿ, ಮಡಚುವ ಸೀಟಿನ ಮೇಲೆ, ಮದುವೆ ಪಂಗತಿಯಂತೆ ಎದುರುಬದುರಾಗಿ ಕೂತೆವು. ಬಡಿಸುವವರಷ್ಟೇ ಇರಲಿಲ್ಲ. ಕಿಟಕಿ ಬೆನ್ನ ಹಿಂದೆ. ಸಮುದ್ರ ನೋಡಬೇಕೆಂದರೆ ಕುತ್ತಿಗೆ ಉಳುಕಬೇಕು. ಎರಡು ಪಂಖದ ಎಂಜಿನ್ನುಗಳ ಗದ್ದಲಕ್ಕೆ ಕಿವಿಗೆ ಹತ್ತಿ ತುರುಕಿಕೊಂಡರೂ ಹಲ್ಲು ಅದುರುತ್ತಿದ್ದವು. ಕಲಬುರಗಿ ಕಡೆಯವನಿಗೆ ಮೂರು ತಾಸು ಮಾತಿಲ್ಲದೆ ಕೂರುವುದಿದೆಯಲ್ಲ, ಅದು ಶಿಕ್ಷೆ. ಎದುರಿಗಿದ್ದ ಜವಾನ ಕೈಸನ್ನೆಯಲ್ಲಿ ಊರು ಕೇಳಿದ. ನಾಲವಾರವನ್ನು ಕೈಸನ್ನೆಯಲ್ಲಿ ಹೇಳುವುದು ಹ್ಯಾಗೆ? ರೊಟ್ಟಿ ತೆಗೆದು ಕೊಟ್ಟೆ. ಮುರಿದು ಬಾಯಿಗೆ ಹಾಕಿಕೊಂಡು, ತಿಳಿಯಿತೆಂಬಂತೆ ತಲೆಯಾಡಿಸಿದ.

ಅದೇ ಕಡಲ ಮೇಲೆ, 2016ರ ಜುಲೈ 22ರಂದು, ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ಎಎನ್-32 ಒಂದು 29 ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ನನ್ನಂತೆ ಕೆಲಸಕ್ಕೆಂದು ಹೊರಟ ಸಿವಿಲ್ ನೌಕರರೂ ಇದ್ದರು. ಟಿವಿ ನೋಡಿ ಅವ್ವ ಫೋನ್ ಮಾಡಿದಳು: "ನೀ ಹ್ವಾದ ಇಮಾನೇ ಏನೋ ಅದು?" ಗೊತ್ತಿಲ್ಲವ್ವ ಎಂದೆ. ಅವರೂ ಹಾಗೇ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಿರಬೇಕು, ಯಾರ ಚೀಲದಲ್ಲಿ ಯಾವ ಊರಿನ ಬುತ್ತಿ ಇತ್ತೋ. 3,400 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತೆಂಬ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅದನ್ನು ಕೇಳಲು ಅವ್ವ ಇರಲಿಲ್ಲ.

ನಾವು ಅಂದು ಇಳಿದ ಕಾರ್ ನಿಕೋಬಾರ್ ಚಪ್ಪಟೆ ನೆಲ, ಎತ್ತ ನೋಡಿದರೂ ತೆಂಗು. 2004ರ ಡಿಸೆಂಬರ್ 26ರ ಬೆಳಿಗ್ಗೆ ಅಲೆ ಬಂದು ಆ ನೆಲೆಯ ನೂರಕ್ಕೂ ಹೆಚ್ಚು ಮಂದಿಯನ್ನು, ಹೆಂಡಿರು ಮಕ್ಕಳ ಸಮೇತ, ಒಯ್ದಿತ್ತು. ಅಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ನಾವೂ ಕೇಳುತ್ತಿರಲಿಲ್ಲ, ಪಾಯ ಅಳೆಯುತ್ತಿದ್ದೆವು.

ನನ್ನನ್ನು ಕಾಡಿದ್ದು ಬೇರೆಯೇ ಒಂದು ಸಂಗತಿ. ನಮ್ಮಲ್ಲಿ ಮೊಣಕಾಲುದ್ದ ಅಗೆದರೆ ಸಾಕು, ಪರ್ಸಿ, ಅಂದರೆ ಹಾಸುಗಲ್ಲು. ನೆಲಕ್ಕೆ ಪರ್ಸಿ, ಮಾಳಿಗೆಗೆ ಪರ್ಸಿ, ಹೊಲದ ಬದುವಿಗೂ ಪರ್ಸಿ. ಈ ದ್ವೀಪವೋ ಹವಳದ್ದು. ಕಾಂಕ್ರೀಟಿನ ಜಲ್ಲಿ ಕೂಡ ಹಡಗಿನಲ್ಲಿ ಬರಬೇಕು. ಜೀವನವಿಡೀ ಕಲ್ಲು ಎಡವಿ ಬೆಳೆದವನು ಅಲ್ಲಿ ಜಲ್ಲಿಯ ರಾಶಿಗೆ ಕಾವಲುಗಾರನಿದ್ದದ್ದನ್ನು ಕಂಡೆ. ಸಿಮೆಂಟು ಚೀಲಗಳನ್ನು ತಿರುವಿ ತಿರುವಿ ನೋಡಿದೆ, ನಮ್ಮ ಕಡೆಯ ಸಿಮೆಂಟಿನ ಊರು ವಾಡಿಯ ಹೆಸರೇನಾದರೂ ಇದ್ದೀತೇ ಎಂದು. ಇರಲಿಲ್ಲ. ಸಂಜೆ ಅದೇ ಕಾರಣಕ್ಕೆ ಊಟ ಸೇರಲಿಲ್ಲವೆಂದರೆ ನೀವು ನಗುತ್ತೀರಿ.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ, ಶಹಾಬಾದ್ ಕಲ್ಲಿನ ವ್ಯಾಪಾರದಲ್ಲಿದ್ದ ನಮ್ಮ ಕಾಕಾ ಸಮುದ್ರ, ಸುನಾಮಿ ಎಲ್ಲ ಬಿಟ್ಟು ಒಂದನ್ನೇ ಹಿಡಿದ.

"ಕಲ್ಲೇ ಇಲ್ಲೇನು ಅಲ್ಲಿ?"

"ಇಲ್ಲ ಕಾಕಾ."

"ಸಾಹೇಬ್ರಿಗಿ ಹೇಳು. ಆ ಇಮಾನದಾಗ ಒಂದು ಲೋಡ್ ಕಳಸಾಮು. ಎಷ್ಟು ಹೊರತದ ಅದು?"

"ಹೆಚ್ಚಂದ್ರ ಆರೇಳು ಟನ್."

ಕಾಕಾ ನನ್ನ ಕಡೆ ಕನಿಕರದಿಂದ ನೋಡಿದ. "ಅಷ್ಟೇನಾ? ನಮ್ಮ ಲಾರಿ ಹತ್ತು ಹೊರತದಪಾ. ಮ್ಯಾಲ ನಾಕು ಮಂದಿ ಕುಂತು ಮಾತಾಡಕೋತ ಹೋಗಬಹುದು."